ಬಾಯಿ ಸರ್ಜನ್ ಹತ್ತಿರ ಮೊದಲ ಸಲ ಹೋಗುವಾಗ

ನಮ್ಮ ಮಾಮೂಲಿ ಹಲ್ಲಿನ ಡಾಕ್ಟ್ರು ಅಮ್ಮನ ಬುದ್ಧಿಹಲ್ಲು ನೋಡಿ "ಇದು ನನ್ನ ಕೈಯಲ್ಲಿ ಆಗುವುದಲ್ಲ, ಓರಲ್ ಸರ್ಜನ್ ಹತ್ತಿರ ತೋರಿಸಿ" ಅಂತ ಚೀಟಿ ಬರೆದುಕೊಟ್ಟ ದಿನ ಅಮ್ಮ ರಾತ್ರಿ ಊಟ ಮಾಡಲಿಲ್ಲ. ಸರ್ಜನ್ ಅನ್ನುವ ಶಬ್ದಕ್ಕೇ ಅರ್ಧ ಜೀವ ಹೋಗಿತ್ತು. ಹೋದ ದಿನವೇ ಕೊಯ್ದುಬಿಡುತ್ತಾರೆ ಅಂತ ಅವರ ಲೆಕ್ಕ. ಹಾಗೇನೂ ಆಗಲಿಲ್ಲ. ಮೊದಲ ದಿನ ನಡೆದದ್ದು ಬರೀ ಮಾತು, ಒಂದು ಎಕ್ಸ್‌ರೇ, ಮತ್ತೆ ತುಂಬಾ ಪ್ರಶ್ನೆ. ಆದರೆ ಆ ಪ್ರಶ್ನೆಗಳಿಗೆ ನಾವು ತಯಾರಾಗಿ ಹೋಗಿರಲಿಲ್ಲ. ಅದರಿಂದ ಏನು ಆಗುವುದರಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ನಿಮಗೋ ನಿಮ್ಮ ಮನೆಯವರಿಗೋ ಇಂಥ ಚೀಟಿ ಸಿಕ್ಕಿದ್ದರೆ, ಹೋಗುವ ಮುಂಚೆ ಇದನ್ನು ಒಮ್ಮೆ ಓದಿಕೊಳ್ಳಿ. ಈ ಮೊದಲ ಭೇಟಿಯಲ್ಲಿ ಡಾಕ್ಟ್ರ ಕೆಲಸಕ್ಕಿಂತ ನಿಮ್ಮ ಕೆಲಸವೇ ಜಾಸ್ತಿ. ಇದ್ದದ್ದೆಲ್ಲ ಹೇಳಬೇಕು, ಗೊತ್ತಾಗದ್ದೆಲ್ಲ ಕೇಳಬೇಕು.

ಯಾರು ಇವರು, ಎಲ್ಲಿ ಸಿಗುತ್ತಾರೆ

ಓರಲ್ ಸರ್ಜನ್ ಅಂದರೆ ಹಲ್ಲಿನ ಡಾಕ್ಟ್ರೇ. ಐದು ವರ್ಷ ಬಿಡಿಎಸ್ ಮುಗಿಸಿ, ಮತ್ತೆ ಮೂರು ವರ್ಷ ಬಾಯಿ, ದವಡೆ, ಮುಖದ ಆಪರೇಷನ್‌ನಲ್ಲೇ ಎಂಡಿಎಸ್ ಮಾಡಿದವರು. ಒಸಡಿನೊಳಗೆ ಅಡ್ಡ ಮಲಗಿದ ಬುದ್ಧಿಹಲ್ಲು, ದವಡೆಯೊಳಗಿನ ನೀರುಗಂಟು, ಬೈಕಿನಿಂದ ಬಿದ್ದು ಮುರಿದ ದವಡೆ, ವಾಸಿಯಾಗದ ಬಾಯಿಹುಣ್ಣು, ತೆರೆಯಲಿಕ್ಕಾಗದ ಬಾಯಿ, ಇವೆಲ್ಲ ಇವರ ಕೆಲಸ. ಅತಿ ಹೆಚ್ಚು ಜನ ಹೋಗುವುದು ಮಾತ್ರ ಬುದ್ಧಿಹಲ್ಲಿಗೇ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಉಂಟು. ಇಷ್ಟು ಹತ್ತಿರ ಹತ್ತಿರ ಇಷ್ಟು ಡೆಂಟಲ್ ಕಾಲೇಜುಗಳು ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಲ್ಲೂ ಮಣಿಪಾಲದಲ್ಲೂ ಮಣಿಪಾಲ ಡೆಂಟಲ್ ಕಾಲೇಜು, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೇನೆಪೋಯ, ಕುಂಟಿಕಾನದಲ್ಲಿ ಎ.ಜೆ. ಸುಳ್ಯದ ಕಡೆಯವರಿಗೆ ಕೆವಿಜಿ. ಎಲ್ಲ ಕಡೆಯೂ ಓರಲ್ ಸರ್ಜರಿಗೆ ಬೇರೆಯೇ ಡಿಪಾರ್ಟ್‌ಮೆಂಟ್ ಉಂಟು. ಖಾಸಗಿ ಕ್ಲಿನಿಕ್‌ಗೂ ಹೋಗಬಹುದು. ಅಲ್ಲಿ ಕಾಯುವುದು ಕಡಿಮೆ, ಖರ್ಚು ಜಾಸ್ತಿ. ಕೆಲವು ಕ್ಲಿನಿಕ್‌ಗಳಿಗೆ ಸರ್ಜನ್ ದಿನಾ ಬರುವುದಿಲ್ಲ, ವಾರದಲ್ಲಿ ಗೊತ್ತಾದ ದಿನ ಮಾತ್ರ ಬಂದುಹೋಗುತ್ತಾರೆ. ಹಾಗಾಗಿ ಫೋನ್ ಮಾಡಿ "ಸರ್ಜನ್ ಯಾವತ್ತು ಇರುತ್ತಾರೆ" ಅಂತ ಕೇಳಿಯೇ ಹೊರಡಿ.

ಹಿಂದಿನ ರಾತ್ರಿ ಮನೆಯಲ್ಲಿ

ಇದು ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಮ್ಮನ ಮಾತ್ರೆಗಳು ಒಂದು ಹಳೇ ಬಿಸ್ಕೆಟ್ ಡಬ್ಬದಲ್ಲಿ ಇರುತ್ತವೆ. ಬಿಪಿದು, ಶುಗರ್‌ದು, ಗ್ಯಾಸ್ಟ್ರಿಕ್‌ದು, ಮತ್ತೊಂದು ಸಣ್ಣ ಮಾತ್ರೆ, ಇಕೋಸ್ಪ್ರಿನ್. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಶುರುವಾದದ್ದು. ಸರ್ಜನ್ ಮೇಡಂ "ರಕ್ತ ತೆಳುವಾಗುವ ಮಾತ್ರೆ ಏನಾದರೂ ತಗೊಳ್ತೀರಾ ಅಮ್ಮಾ?" ಅಂತ ಕೇಳಿದಾಗ ಅಮ್ಮ ಮೆಲ್ಲ "ತಗೊಳ್ತಿದ್ದೆ, ಐದು ದಿನದಿಂದ ಬಿಟ್ಟಿದ್ದೇನೆ" ಅಂದರು. ನಾನು ದಂಗಾದೆ. ಪಕ್ಕದ ಮನೆಯವರು "ಹಲ್ಲು ಕೀಳುವ ಮುಂಚೆ ಅದನ್ನು ನಿಲ್ಲಿಸದಿದ್ದರೆ ರಕ್ತ ನಿಲ್ಲುವುದಿಲ್ಲ" ಅಂದಿದ್ದರಂತೆ. ಅಮ್ಮ ಯಾರಿಗೂ ಹೇಳದೆ ನಿಲ್ಲಿಸಿದ್ದರು. ಮೇಡಂ ಪೆನ್ನು ಕೆಳಗಿಟ್ಟು, ಅಮ್ಮನ ಕೈ ಹಿಡಿದು ಹೇಳಿದ ಮಾತು ನನಗೆ ಈಗಲೂ ನೆನಪುಂಟು. "ಬಾಯಿಯಿಂದ ಬರುವ ರಕ್ತವನ್ನು ನಾನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಲ್ಲೆ ಅಮ್ಮಾ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ನನ್ನಿಂದ ಏನೂ ಮಾಡಲಿಕ್ಕಾಗುವುದಿಲ್ಲ."

ಆದ್ದರಿಂದ ದಯವಿಟ್ಟು, ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಇಕೋಸ್ಪ್ರಿನ್‌ನಂಥ ಆಸ್ಪಿರಿನ್ ಮಾತ್ರೆಯನ್ನು ಹಲ್ಲು ಕೀಳುವುದಕ್ಕೆ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದೇ ಇಲ್ಲ. ರಕ್ತ ತೆಳುವಾಗುವ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್ ಇದ್ದರೆ ಅದನ್ನೂ ಹೇಳಿ. ವಾರ್ಫರಿನ್, ಅಸಿಟ್ರೋಮ್ ತಗೊಳ್ಳುವವರಿಗೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತಿಳಿಯಲು ಐಎನ್‌ಆರ್ ಅನ್ನುವ ರಕ್ತಪರೀಕ್ಷೆ ಮಾಡಿಸಿ ನೋಡುತ್ತಾರೆ. ಬದಲಾವಣೆ ಬೇಕಾದರೆ ಸರ್ಜನ್ ಮತ್ತು ನಿಮ್ಮ ಹೃದಯದ ಡಾಕ್ಟ್ರು ಮಾತಾಡಿಕೊಂಡು ಹೇಳುತ್ತಾರೆ. ಅದು ಅವರಿಬ್ಬರ ಕೆಲಸ, ಪಕ್ಕದ ಮನೆಯವರದ್ದಲ್ಲ, ನಮ್ಮದೂ ಅಲ್ಲ.

ಮಾತ್ರೆಯ ಹೆಸರು ಬಾಯಿಪಾಠ ಮಾಡುವ ಕಷ್ಟ ಬೇಡ. ಡಬ್ಬವನ್ನೇ ಚೀಲಕ್ಕೆ ಹಾಕಿ. ಇಲ್ಲವೇ ಪ್ರತಿಯೊಂದು ಸ್ಟ್ರಿಪ್‌ನ ಹಿಂಬದಿಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ದಿನಾ ತಗೊಳ್ಳದ ಔಷಧಿಗಳನ್ನು ಜನ ಮರೆಯುವುದೇ ಜಾಸ್ತಿ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ನುಂಗುವವರು, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡವರು, ಅಲೆಂಡ್ರೊನೇಟ್, ಝೋಲೆಡ್ರೋನಿಕ್ ಆಸಿಡ್ ಅಂತ ಚೀಟಿಯಲ್ಲಿ ಇದ್ದೀತು, ಅದನ್ನು ಹೇಳಲೇಬೇಕು. ಈ ಔಷಧಿ ತಗೊಂಡವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆ ವಾಸಿಯಾಗದೆ ಕೊಳೆಯುವ ಸಾಧ್ಯತೆ ಉಂಟು. ಅಪರೂಪವೇ, ಆದರೆ ಬಂದರೆ ತುಂಬಾ ಕಷ್ಟ ಕೊಡುತ್ತದೆ. ಸ್ಟಿರಾಯ್ಡ್, ಕ್ಯಾನ್ಸರ್‌ನ ಔಷಧಿ, ಮುಖಕ್ಕೆ ಕುತ್ತಿಗೆಗೆ ಹಿಂದೆ ಕೊಟ್ಟ ರೇಡಿಯೇಷನ್, ಹೃದಯದ ಕವಾಟ ಬದಲಿಸಿದ್ದು, ಇವೂ ಹಾಗೆಯೇ. ಕವಾಟ ಬದಲಿಸಿದವರಿಗೆ ಹಲ್ಲು ಕೀಳುವ ಮುಂಚೆಯೇ ಆ್ಯಂಟಿಬಯಾಟಿಕ್ ಕೊಡಬೇಕಾಗುತ್ತದೆ. ಆಯುರ್ವೇದ, ಹೋಮಿಯೋಪತಿ ತಗೊಳ್ಳುತ್ತಿದ್ದರೂ ಮುಚ್ಚಿಡಬೇಡಿ.

ಚೀಲಕ್ಕೆ ಇನ್ನೇನು? ಹಲ್ಲಿನ ಡಾಕ್ಟ್ರ ಚೀಟಿ, ಹಳೇ ಎಕ್ಸ್‌ರೇ, ಇತ್ತೀಚಿನ ರಕ್ತಪರೀಕ್ಷೆ. ಶುಗರ್ ಇದ್ದವರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇದ್ದರೆ ಒಳ್ಳೆಯದು. ಮಣಿಪಾಲ್ ಆರೋಗ್ಯ ಕಾರ್ಡ್ ಇದ್ದವರು ಮಣಿಪಾಲದ ಕಾಲೇಜಿಗೆ ಹೋಗುವುದಾದರೆ ಅದನ್ನೂ ಇಟ್ಟುಕೊಳ್ಳಿ. ಮಳೆಗಾಲವಾದರೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ನೆನೆದ ಚೀಟಿ ಯಾರಿಗೂ ಓದಲಿಕ್ಕಾಗುವುದಿಲ್ಲ.

ಹೋದ ಮೇಲೆ

ಬೆಳಿಗ್ಗೆ ತಿಂಡಿ ತಿಂದೇ ಹೋಗಿ. ಖಾಲಿ ಹೊಟ್ಟೆ ಬೇಕಾಗುವುದು ಪೂರ್ತಿ ನಿದ್ದೆ ಬರಿಸಿ ಮಾಡುವ ಆಪರೇಷನ್‌ಗೆ, ಅದನ್ನು ಮುಂಚೆಯೇ ಹೇಳಿರುತ್ತಾರೆ. ಶುಗರ್ ಇದ್ದವರು ಉಪವಾಸ ಹೋಗಿ ಕ್ಯೂನಲ್ಲಿ ಕೂತರೆ ತಲೆ ಸುತ್ತು ಬಂದೀತು.

ಕಾಲೇಜಿಗೆ ಹೋಗುವವರು ಆದಷ್ಟು ಬೇಗ ತಲುಪಿ. ದೇರಳಕಟ್ಟೆಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಬಸ್ಸುಗಳಿವೆ, ಆದರೆ ಬೆಳಗಿನ ಹೊತ್ತು ಟ್ರಾಫಿಕ್ ಗೊತ್ತಲ್ವಾ. ಹೊಸ ಪೇಷೆಂಟ್ ಅಂತ ಚೀಟಿ ಮಾಡಿಸಿದ ಮೇಲೆ ಸಾಮಾನ್ಯವಾಗಿ ನೇರ ಸರ್ಜನ್ ಹತ್ತಿರ ಕಳಿಸುವುದಿಲ್ಲ. ಮೊದಲು ಓರಲ್ ಮೆಡಿಸಿನ್ ಅನ್ನುವ ವಿಭಾಗದಲ್ಲಿ ಬಾಯಿ ಪೂರ್ತಿ ನೋಡಿ, ಬರೆದುಕೊಂಡು, ಬೇಕಾದರೆ ಎಕ್ಸ್‌ರೇ ತೆಗೆಸಿ, ಆಮೇಲೆ ಸರ್ಜರಿಗೆ ಕಳಿಸುತ್ತಾರೆ. ಸರ್ಜರಿಯಲ್ಲೂ ಮೊದಲು ಹೌಸ್ ಸರ್ಜನ್ (ತರಬೇತಿಯಲ್ಲಿರುವ ಹೊಸ ಡಾಕ್ಟ್ರು) ಅಥವಾ ಪಿಜಿ ಡಾಕ್ಟ್ರು (ಎಂಡಿಎಸ್ ಓದುತ್ತಿರುವವರು) ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಕೊನೆಗೆ ದೊಡ್ಡ ಡಾಕ್ಟ್ರು ಬರುತ್ತಾರೆ. "ಆಗಲೇ ಹೇಳಿದ್ದೇನಲ್ಲ" ಅಂತ ಸಿಟ್ಟಾಗಬೇಡಿ. ಅಮ್ಮ ಇಕೋಸ್ಪ್ರಿನ್ ಬಿಟ್ಟದ್ದು ಹೊರಗೆ ಬಂದದ್ದು ಮೂರನೇ ಸಲ ಕೇಳಿದಾಗ. ಅರ್ಧ ದಿನ ಇದಕ್ಕೇ ಅಂತ ಇಟ್ಟುಕೊಂಡು ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಯಾಕೆಂದರೆ ಹೆದರಿಕೆಯಲ್ಲಿ ಕೇಳಿದ್ದು ಅರ್ಧವೂ ತಲೆಯಲ್ಲಿ ಉಳಿಯುವುದಿಲ್ಲ.

ಕುರ್ಚಿಯಲ್ಲಿ ಕೂರಿಸಿದ ಮೇಲೆ ನೋಡುವುದು ಹಲ್ಲು ಮಾತ್ರ ಅಲ್ಲ. ಕೆನ್ನೆಯ ಎರಡೂ ಬದಿ ಹೋಲಿಸಿ ನೋಡುತ್ತಾರೆ. ದವಡೆಯ ಕೆಳಗೆ ಬೆರಳಿಟ್ಟು ಗಡ್ಡೆ ಏನಾದರೂ ಸಿಗುತ್ತದಾ ಅಂತ ಒತ್ತುತ್ತಾರೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಲು ಹೇಳುತ್ತಾರೆ. ಬಾಯಿ ಎಷ್ಟು ತೆರೆಯುತ್ತದೆ ಅಂತ ಅಳೆಯುತ್ತಾರೆ, ಸ್ಕೇಲ್‌ನಲ್ಲಿ, ಇಲ್ಲವೇ ಬೆರಳಿನಲ್ಲಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಹೋಗಬೇಕು. ಎರಡೇ ಹೋಗುತ್ತದೆ ಅಂತಾದರೆ ಯಾಕೆ ಅಂತ ನೋಡಬೇಕಾಗುತ್ತದೆ. ನಮ್ಮ ಮೇಡಂ ಅಮ್ಮನ ಹತ್ತಿರ ತುಳುವಿನಲ್ಲೇ "ಬೇನೆ ಉಂಡಾ?" (ನೋವುಂಟಾ) ಅಂತ ಕೇಳುತ್ತಾ ಕೇಳುತ್ತಾ ಒಸಡು ಮುಟ್ಟಿದರು. ಅಮ್ಮನ ಭುಜ ಕೆಳಗಿಳಿದದ್ದೇ ಆಗ.

ಎಲೆಅಡಿಕೆಯ ಪ್ರಶ್ನೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮದು ಅಡಿಕೆಯ ಊರು. ಊಟವಾದ ಮೇಲೆ ಎಲೆಅಡಿಕೆಯ ಹರಿವಾಣ ಬರದ ಮನೆ ಕಡಿಮೆ. "ಅಭ್ಯಾಸ ಏನಾದರೂ ಉಂಟಾ" ಅಂತ ಡಾಕ್ಟ್ರು ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಅಭ್ಯಾಸ ಅಂದರೆ ಸಿಗರೇಟು, ಬೀಡಿ, ಕುಡಿತ. ಎಲೆಅಡಿಕೆ ಅಭ್ಯಾಸವಲ್ಲ, ಅದು ಮರ್ಯಾದೆ. ಆದರೆ ಡಾಕ್ಟ್ರಿಗೆ ಅದೇ ಬೇಕು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಹೊಗೆಸೊಪ್ಪು ಸೇರಿಸುತ್ತೀರಾ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ, ಎಲ್ಲ.

ಅಡಿಕೆಯಿಂದ ಬಾಯಿಯ ಒಳಚರ್ಮ ಗಟ್ಟಿಯಾಗಿ, ಬಿಳಿಚಿಕೊಂಡು, ಬಾಯಿ ದಿನ ಹೋದ ಹಾಗೆ ಕಡಿಮೆ ತೆರೆಯುತ್ತಾ ಬರುವ ಕಾಯಿಲೆ ಉಂಟು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. ಖಾರ ತಿಂದರೆ ಉರಿ, ಅದೇ ಮೊದಲ ಲಕ್ಷಣ. ಇದು ಮುಂದೆ ಕ್ಯಾನ್ಸರ್‌ಗೆ ತಿರುಗುವ ಅಪಾಯ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ 2004ರಲ್ಲಿ ವರದಿ ಪ್ರಕಟಿಸಿದೆ. ಅಡಿಕೆ ತೋಟದಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮನೆಗಳಲ್ಲಿ ಈ ಮಾತು ಹೇಳುವುದು ಸುಲಭವಲ್ಲ, ನಮ್ಮ ಅಜ್ಜನ ಮನೆಯೂ ಅದೇ. ಆದರೂ ಡಾಕ್ಟ್ರ ಮುಂದೆ ಸುಳ್ಳು ಹೇಳಬಾರದು.

ಬಾಯಿಯಲ್ಲಿ ಒಂದು ಹುಣ್ಣು ಎರಡು ಮೂರು ವಾರವಾದರೂ ಮಾಗದಿದ್ದರೆ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಸರ್ಜನ್ ಬಯಾಪ್ಸಿ ಮಾಡೋಣ ಅನ್ನಬಹುದು. ಮರಗಟ್ಟಿಸಿ, ಅಕ್ಕಿಕಾಳಿನಷ್ಟೋ ಸ್ವಲ್ಪ ದೊಡ್ಡದೋ ಒಂದು ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. "ಕತ್ತಿ ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ" ಅಂತ ಹೇಳುವವರಿದ್ದಾರೆ. ಆ ಮಾತು ಕೇಳಿ ತಿಂಗಳುಗಟ್ಟಲೆ ಮುಂದೂಡುವುದರಿಂದ ಆಗುವ ನಷ್ಟವೇ ದೊಡ್ಡದು. ಬೇಡ ಅನ್ನಬೇಡಿ.

ಎಕ್ಸ್‌ರೇ

ಬುದ್ಧಿಹಲ್ಲಿಗೆ ಸಾಮಾನ್ಯವಾಗಿ ಬರೆಯುವುದು ಓಪಿಜಿ. ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುತ್ತದೆ. ನಿಂತುಕೊಂಡು, ಗಲ್ಲ ಒಂದು ಕಡೆ ಊರಿ, ಪ್ಲಾಸ್ಟಿಕ್ ಕಡ್ಡಿಯ ತೋಡನ್ನು ಮುಂದಿನ ಹಲ್ಲಲ್ಲಿ ಕಚ್ಚಬೇಕು. ಯಂತ್ರ ತಲೆಯ ಸುತ್ತ ಮೆಲ್ಲ ಒಂದು ಸುತ್ತು ಬರುತ್ತದೆ. ಅರ್ಧ ನಿಮಿಷವೂ ಆಗುವುದಿಲ್ಲ, ನೋವೂ ಇಲ್ಲ. ಅಷ್ಟು ಹೊತ್ತು ಅಲುಗಾಡದೆ ನಿಂತರೆ ಸಾಕು. ಬೆಂಡೋಲೆ, ಮೂಗುತಿ, ಕರಿಮಣಿ, ಕಟ್ಟಿಸಿದ ಹಲ್ಲಿನ ಸೆಟ್ಟು ಎಲ್ಲ ತೆಗೆಯಬೇಕು. ಗಟ್ಟಿ ತಿರುಪಿನ ಮೂಗುತಿ ಅಲ್ಲಿ ಬಿಚ್ಚಲಿಕ್ಕಾಗದೆ ಒದ್ದಾಡುವುದಕ್ಕಿಂತ ಮನೆಯಲ್ಲೇ ತೆಗೆದಿಟ್ಟು ಹೋಗುವುದು ಒಳ್ಳೆಯದು. ಗರ್ಭಿಣಿಯಾಗಿದ್ದರೆ, ಸಂಶಯ ಇದ್ದರೂ ಸರಿ, ಎಕ್ಸ್‌ರೇ ಕೋಣೆಗೆ ಹೋಗುವ ಮುಂಚೆಯೇ ಹೇಳಿ.

ಚಿತ್ರ ಬಂದ ಮೇಲೆ ನಿಮಗೂ ತೋರಿಸಲು ಹೇಳಿ. ಮೇಡಂ ಅದನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಲ್ಲಿ ತೋರಿಸಿದರು. ಅಮ್ಮನ ಕೆಳಗಿನ ಬುದ್ಧಿಹಲ್ಲು ಎಲ್ಲ ಹಲ್ಲಿನ ಹಾಗೆ ನಿಂತಿರಲಿಲ್ಲ, ಮುಂದಿನ ಹಲ್ಲಿಗೆ ತಲೆಕೊಟ್ಟು ಓರೆಯಾಗಿ ಮಲಗಿತ್ತು. ತಲೆ ತಾಗಿದಲ್ಲಿ ಮುಂದಿನ ಹಲ್ಲಿನಲ್ಲಿ ಒಂದು ಕಪ್ಪು ಚುಕ್ಕೆ, ಹುಳುಕು. ಬೇರಿನ ಕೆಳಗೆ ದವಡೆಯ ಉದ್ದಕ್ಕೂ ಎರಡು ತೆಳು ಬಿಳಿ ಗೆರೆ, ಹೊಳೆಯ ಎರಡು ದಡದ ಹಾಗೆ. "ಇದರ ಮಧ್ಯೆ ನರ ಹೋಗುತ್ತದೆ. ಕೆಳತುಟಿಗೆ, ಗಲ್ಲಕ್ಕೆ ಸ್ಪರ್ಶ ಗೊತ್ತಾಗುವುದು ಇದರಿಂದ" ಅಂದರು. ಬೇರು ಆ ಗೆರೆಗೆ ತೀರಾ ಹತ್ತಿರ ಇದ್ದರೆ ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್ ಬರೆಯುತ್ತಾರೆ. ಅದಕ್ಕೆ ಖರ್ಚು ಜಾಸ್ತಿ, ಎಲ್ಲರಿಗೂ ಬೇಕಾಗುವುದಿಲ್ಲ.

ಈಗ ನೀವು ಕೇಳುವ ಹೊತ್ತು

ಮೊದಲ ಪ್ರಶ್ನೆ, "ಇದನ್ನು ತೆಗೆಯಲೇಬೇಕಾ?" ಇದನ್ನು ಕೇಳುವುದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಡಾಕ್ಟ್ರು ಬೇಸರ ಮಾಡಿಕೊಳ್ಳುವುದಿಲ್ಲ. ತೊಂದರೆ ಕೊಡದ ಬುದ್ಧಿಹಲ್ಲನ್ನೆಲ್ಲ ಕೀಳಬೇಕು ಅಂತಿಲ್ಲ. ಮತ್ತೆ ಮತ್ತೆ ಒಸಡು ಊದಿ ಕೀವಾಗುತ್ತಿದ್ದರೆ, ಅದಾಗಲಿ ಪಕ್ಕದ ಹಲ್ಲಾಗಲಿ ಹುಳುಕಾಗಿದ್ದರೆ, ಸುತ್ತ ಗಂಟು ಬೆಳೆದಿದ್ದರೆ ತೆಗೆಯುವುದೇ ಸರಿ. ಅದಲ್ಲದಿದ್ದರೆ "ಬಿಟ್ಟರೆ ಏನಾಗುತ್ತದೆ, ಎಷ್ಟು ತಿಂಗಳಿಗೊಮ್ಮೆ ತೋರಿಸಬೇಕು" ಅಂತ ಕೇಳಿ.

ಆಮೇಲೆ ಅಪಾಯದ ಬಗ್ಗೆ ನೇರ ಕೇಳಿ. ಕೆಳಗಿನ ಬುದ್ಧಿಹಲ್ಲಾದರೆ "ತುಟಿ, ನಾಲಿಗೆ ಮರಗಟ್ಟುವ ಸಾಧ್ಯತೆ ನನಗೆ ಎಷ್ಟು?" ಮರಗಟ್ಟಿದರೂ ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸರಿಯಾಗುತ್ತದೆ, ಅಪರೂಪಕ್ಕೆ ಹಾಗೆಯೇ ಉಳಿಯುವುದೂ ಉಂಟು. ಬೇರು ನರಕ್ಕೆ ಅಂಟಿಕೊಂಡಿದ್ದರೆ ಹಲ್ಲಿನ ತಲೆ ಮಾತ್ರ ತೆಗೆದು ಬೇರು ಅಲ್ಲೇ ಬಿಡುವ ದಾರಿಯೂ ಉಂಟು, ನನಗೆ ಅದು ಆಗುತ್ತದಾ ಅಂತ ಕೇಳಿ. ಮೇಲಿನ ಹಲ್ಲಾದರೆ ಮೂಗಿನ ಪಕ್ಕದ ಗಾಳಿಗೂಡಾದ ಸೈನಸ್‌ಗೆ ತೂತಾಗುವ ಸಾಧ್ಯತೆ ಬಗ್ಗೆ ಕೇಳಿ.

ಮರಗಟ್ಟಿಸಿ ಮಾಡುತ್ತೀರಾ, ನಿದ್ದೆ ಬರಿಸಿಯಾ? ಹೆಚ್ಚಿನ ಬುದ್ಧಿಹಲ್ಲುಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಸಾಕಾಗುತ್ತದೆ. ಒತ್ತಿದ್ದು, ತಳ್ಳಿದ್ದು, ಡ್ರಿಲ್ ಶಬ್ದ ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ಹಿಂದೆ ಯಾವಾಗಲಾದರೂ ಇಂಜೆಕ್ಷನ್ ಕೊಟ್ಟಾಗ ತಲೆ ಸುತ್ತಿ ಬಿದ್ದಿದ್ದರೆ, ಯಾವುದಾದರೂ ಮಾತ್ರೆಯಿಂದ ಮೈಮೇಲೆ ಗಾದರಿ ಎದ್ದಿದ್ದರೆ ಈಗಲೇ ಹೇಳಿ. ಮತ್ತೆ, ತುಂಬಾ ಹೆದರಿಕೆ ಇದ್ದರೆ "ನನಗೆ ಹೆದರಿಕೆ ಆಗ್ತದೆ ಡಾಕ್ಟ್ರೇ" ಅಂತಲೇ ಹೇಳಿ. ಅದಕ್ಕೂ ಅವರ ಹತ್ತಿರ ದಾರಿ ಉಂಟು. ಹೇಳದೆ ಒಳಗೊಳಗೇ ನಡುಗುತ್ತಾ ಕೂತರೆ ಬಿಪಿ ಏರಿ ಅವತ್ತಿನ ಕೆಲಸವೇ ನಿಂತೀತು.

ಯಾರು ಮಾಡುತ್ತಾರೆ ಅಂತಲೂ ಕೇಳಬಹುದು. ಕಾಲೇಜಿನಲ್ಲಿ ಪಿಜಿ ಡಾಕ್ಟ್ರು ಮಾಡುವುದು ಸಾಮಾನ್ಯ, ಹಿರಿಯರು ಮೇಲೆ ನೋಡಿಕೊಳ್ಳುತ್ತಾರೆ. ಕಷ್ಟದ ಹಲ್ಲಾದರೆ "ಸರ್ ಜೊತೆಗೆ ಇರುತ್ತಾರಾ" ಅನ್ನುವುದು ಅಧಿಕಪ್ರಸಂಗವಲ್ಲ.

ಹಣದ ವಿಷಯ ಬಿಡಿಸಿ ಕೇಳಿ. ಕೀಳುವುದಕ್ಕೆ ಎಷ್ಟು, ಎಕ್ಸ್‌ರೇ, ರಕ್ತಪರೀಕ್ಷೆ, ಔಷಧಿ ಸೇರಿಯಾ ಬೇರೆಯಾ, ಹೊಲಿಗೆ ತೆಗೆಯುವ ದಿನ ಮತ್ತೆ ಕೊಡಬೇಕಾ. ಇನ್ಶೂರೆನ್ಸ್ ಇದ್ದವರು ಹಲ್ಲಿನದ್ದೂ ಬರುತ್ತದೆ ಅಂತ ನಂಬಿ ಕೂರಬೇಡಿ, ಅಪಘಾತದ್ದು ಬಿಟ್ಟರೆ ತುಂಬಾ ಪಾಲಿಸಿಗಳು ಕೊಡುವುದಿಲ್ಲ. ಮುಂಚೆಯೇ ವಿಚಾರಿಸಿ.

ಸಹಿ ಹಾಕುವ ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೇಳಿ. ಇಲ್ಲದಿದ್ದರೆ ಓದಿ ಹೇಳಲು ಹೇಳಿ. ಯಾವ ಬದಿಯ, ಯಾವ ಹಲ್ಲು ಅಂತ ಅದರಲ್ಲಿ ಬರೆದದ್ದು ಸರಿಯಾ ನೋಡಿಯೇ ಸಹಿ ಹಾಕಿ.

ದಿನ ಗೊತ್ತು ಮಾಡುವಾಗ

ಕೆನ್ನೆ ಎರಡು ಮೂರು ದಿನ ಊದಿರುತ್ತದೆ, ಬಾಯಿ ಪೂರ್ತಿ ತೆರೆಯಲಿಕ್ಕೆ ಒಂದು ವಾರವಾದರೂ ಬೇಕು. ಸುಮಾರು ಏಳನೇ ದಿನ ಹೊಲಿಗೆ ತೆಗೆಯುತ್ತಾರೆ. ಆ ವಾರದಲ್ಲಿ ಮನೆಯಲ್ಲಿ ಮದುವೆ, ಕುಟುಂಬದ ದೈವದ ನೇಮ, ಮಕ್ಕಳ ಪರೀಕ್ಷೆ, ದೂರದ ಪ್ರಯಾಣ ಇರಬಾರದು. ಒಸಡು ಈಗ ಕೀವಾಗಿ ಊದಿದ್ದರೆ ಮೊದಲು ತೊಳೆದು, ಔಷಧಿ ಕೊಟ್ಟು, ಊತ ಇಳಿದ ಮೇಲೆ ದಿನ ಕೊಡುವುದುಂಟು. ಶುಗರ್ ಏರಿದ್ದರೂ ಮುಂದೆ ಹಾಕುತ್ತಾರೆ. ಅಮ್ಮನಿಗೂ ಹತ್ತು ದಿನ ಮುಂದೆ ಹೋಯಿತು, ಇಕೋಸ್ಪ್ರಿನ್ ಮತ್ತೆ ಶುರುಮಾಡಿಸಿ ಹೃದಯದ ಡಾಕ್ಟ್ರ ಚೀಟಿ ತರಿಸಿಕೊಂಡ ಮೇಲೆಯೇ ಕೈ ಹಾಕಿದ್ದು.

ಆಪರೇಷನ್ ನಂತರದ ಸೂಚನೆಗಳನ್ನು ಈಗಲೇ ಕೇಳಿ ಬರೆದುಕೊಂಡರೆ ಮನೆಯಲ್ಲಿ ತಯಾರಿ ಮಾಡಿಕೊಳ್ಳಬಹುದು. ಮೊದಲ ದಿನ ಉಗುಳುವುದು, ಮುಕ್ಕಳಿಸುವುದು, ಸ್ಟ್ರಾ ಹಾಕಿ ಎಳನೀರು ಕುಡಿಯುವುದು ಬೇಡ, ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಮೂರನೇ ನಾಲ್ಕನೇ ದಿನ ಕಿವಿಯವರೆಗೆ ಸಿಡಿಯುವ ನೋವು ಬರುತ್ತದೆ. ಬೀಡಿ, ಸಿಗರೇಟು, ಎಲೆಅಡಿಕೆ ಕಡೇಪಕ್ಷ ಮೂರು ದಿನ ಮುಟ್ಟಬಾರದು. ಕುಚ್ಚಲಕ್ಕಿ ಗಂಜಿ ಚೆನ್ನಾಗಿ ಬೇಯಿಸಿ, ಪೂರ್ತಿ ಆರಿದ ಮೇಲೆ. ಐಸ್‌ಕ್ರೀಮ್ ತಿನ್ನಬಹುದು, ಗೋಡಂಬಿ ಹಾಕಿದ ಗಡ್‌ಬಡ್ ಬೇಡ. ಎರಡು ದಿನ ಕಳೆದ ಮೇಲೆ ನೀರುದೋಸೆ. ಕೋರಿರೊಟ್ಟಿ, ಮುಳ್ಳಿನ ಮೀನು ಹೊಲಿಗೆ ತೆಗೆದ ಮೇಲೆ.

ಕೋಣೆಯಿಂದ ಹೊರಡುವ ಮುಂಚೆ ಫೋನ್ ನಂಬರ್ ಕೇಳಿ ಬರೆದುಕೊಳ್ಳಿ. ರಾತ್ರಿ ತೊಂದರೆಯಾದರೆ ಯಾರಿಗೆ ಮಾಡಬೇಕು ಅಂತಲೂ ಕೇಳಿ. ಯಾಕೆಂದರೆ ಕೊಟ್ಟ ದಿನ ಬರುವುದರೊಳಗೆ ಊತ ಹೆಚ್ಚಾಗುವುದುಂಟು. ಊತ ದವಡೆಯಿಂದ ಕೆಳಗಿಳಿದು ಕುತ್ತಿಗೆಗೆ ಬಂದರೆ, ಎಂಜಲು ನುಂಗಲಿಕ್ಕೂ ಕಷ್ಟವಾದರೆ, ನಾಲಿಗೆ ಮೇಲೆತ್ತಿದ ಹಾಗಾಗಿ ಮಾತು ತೊದಲಿದರೆ, ಉಸಿರು ಕಟ್ಟಿದ ಹಾಗಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಅಂತ ಮಲಗಲೂ ಬೇಡಿ. ಕ್ಲಿನಿಕ್ ಬಾಗಿಲು ತೆರೆಯುವವರೆಗೆ ಕಾಯುವ ಕೇಸಲ್ಲ ಅದು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯೋ, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯೋ, ಹತ್ತಿರದ ಮೆಡಿಕಲ್ ಕಾಲೇಜೋ, ನಡುರಾತ್ರಿಯಾದರೂ ನೇರ ಎಮರ್ಜೆನ್ಸಿಗೆ ಹೋಗಿ. 108ಕ್ಕೆ ಫೋನ್ ಮಾಡಿ. ಮಾತ್ರೆಯ ಡಬ್ಬ ಮರೆಯಬೇಡಿ.